ಅಪ್ಪನ ಕಿಡ್ನಿ, ಎಳನೀರು, ಬಸ್ಸಾರು: ಏನು ಕೊಡೋದು, ಏನು ಬಿಡೋದು?

ತೆಂಗಿನತೋಟ · ಆಗಸ್ಟ್ 9, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮಪ್ಪನಿಗೆ 67 ವರ್ಷ. ತಿಪಟೂರಿನ ಹತ್ತಿರ ಹಳ್ಳಿ, ತೆಂಗಿನ ತೋಟ ಇದೆ. ಸಕ್ಕರೆ ಕಾಯಿಲೆ 18 ವರ್ಷದಿಂದ. ಬಿಪಿ ಆಮೇಲೆ ಸೇರಿಕೊಂಡಿತು. ಯುಗಾದಿ ಆದ ಮೇಲೆ ಕಾಲು ಊದಿಕೊಂಡಿದೆ ಅಂತ ತೋರಿಸಿದೆವು. ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ) 2.6, ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತೆ ಅನ್ನೋ ಲೆಕ್ಕ) 26. ಐದು ಹಂತದಲ್ಲಿ ನಾಲ್ಕನೇದು ಅಂದರು. "ಉಪ್ಪು ಕಡಿಮೆ ಮಾಡಿ, ಪಥ್ಯದಲ್ಲಿರಿ" ಅಂತ ಹೇಳಿ ಬರೆದುಕೊಟ್ಟರು. ಪಥ್ಯ ಅಂದರೆ ಏನು ಅಂತ ಕೇಳೋಷ್ಟರಲ್ಲಿ ಮುಂದಿನ ಟೋಕನ್ ಕರೆದಾಗಿತ್ತು.

ಉಳಿದದ್ದನ್ನು ನಾವೇ ಮಾಡಿಕೊಂಡೆವು. ವಾಟ್ಸಾಪಿನಲ್ಲಿ ಮೂರು ಪಟ್ಟಿ ಬಂದವು. ಮೂರನ್ನೂ ಪಾಲಿಸಿದೆವು! ಬೇಳೆ ಬೇಡ, ಹಾಲು ಬೇಡ, ಮುದ್ದೆ ಬೇಡ, ಸೊಪ್ಪು ಬೇಡ, ಕಾಯಿ ಬೇಡ. ಅಪ್ಪ ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅನ್ನ ಮತ್ತು ನೀರು ಸಾರು, ರಾತ್ರಿ ಅದೇ ಅನ್ನ. ನಾಲ್ಕು ತಿಂಗಳಲ್ಲಿ 64 ಕೆಜಿಯಿಂದ 57ಕ್ಕೆ ಇಳಿದರು. ನೋಡಿದವರೆಲ್ಲ "ಕಿಡ್ನಿ ಕಾಯಿಲೆ ಹಂಗೇ, ಕರಗಿಸಿಬಿಡುತ್ತೆ" ಅಂದರು. ನಾವೂ ನಂಬಿದೆವು.

ಬಿಡದೆ ಕೊಟ್ಟಿದ್ದು ಎರಡೇ. ದಿನಕ್ಕೆ ಎರಡು ಎಳನೀರು, "ಕಿಡ್ನಿ ತೊಳೆಯುತ್ತೆ" ಅಂತ. ಇನ್ನೊಂದು, ಅಣ್ಣ ಅಂಗಡಿಯಲ್ಲಿ ಹುಡುಕಿ ತಂದ ಕಡಿಮೆ ಸೋಡಿಯಂ ಉಪ್ಪು. ಮಾಮೂಲಿ ಉಪ್ಪಿಗಿಂತ ದುಡ್ಡು ಜಾಸ್ತಿ ಕೊಟ್ಟು ತಂದಿದ್ದು.

ಹೋದ ವಾರ ಅಪ್ಪನಿಗೆ ಜಗಲಿ ಮೆಟ್ಟಿಲು ಹತ್ತಲು ಆಗಲಿಲ್ಲ. ತೊಡೆ ಸೋತುಹೋಗಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಪೊಟ್ಯಾಶಿಯಂ 6.4. ಇಸಿಜಿ ನೋಡಿ ನೇರ ಐಸಿಯುಗೆ ಹಾಕಿದರು. ಎರಡು ದಿನ ಇದ್ದು ಈಗ ಮನೆಗೆ ಬಂದಿದ್ದಾರೆ. ನನಗೆ ಈಗ ಒಂದು ಲೋಟ ನೀರು ಕೊಡೋಕೂ ಭಯ. ದಯವಿಟ್ಟು ಗೊತ್ತಿದ್ದವರು ಹೇಳಿ.

ವಾರಕ್ಕೆಮೂರು · ಆಗಸ್ಟ್ 9, ರಾತ್ರಿ 11.15

ತಂಗೀ, ಮೊದಲು ಆ ಉಪ್ಪಿನ ಪ್ಯಾಕೆಟ್ ತೆಗೆದು ಆಚೆ ಇಡಿ. ಎಳನೀರು ಮಾರಿಬಿಡಿ. ಉಳಿದದ್ದು ಬೆಳಿಗ್ಗೆ ಮಾತಾಡೋಣ.

ನಾನು ಮಂಡ್ಯ ಕಡೆಯವನು. ನಾಲ್ಕು ವರ್ಷದಿಂದ ಡಯಾಲಿಸಿಸ್, ಹೆಸರೇ ಹೇಳುತ್ತೆ. ನಮ್ಮ ತಾಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಆಗುತ್ತೆ. ನಿಮ್ಮಪ್ಪನಿಗೆ ಆಗಿದ್ದು ನನಗೂ ಆಗಿದೆ, ನನ್ನದು ಹಲಸಿನ ಹಣ್ಣಿಂದ. ಹದಿನೆಂಟು ತೊಳೆ. ಎಣಿಸಿಕೊಂಡೇ ತಿಂದಿದ್ದೆ.

ಉಪ್ಪಿನಡಬ್ಬಿ · ಆಗಸ್ಟ್ 10, ಬೆಳಿಗ್ಗೆ 7.05

ನಾನು ಡಯಟಿಷಿಯನ್. ಹನ್ನೊಂದು ವರ್ಷದಿಂದ ಕಿಡ್ನಿ ರೋಗಿಗಳ ಊಟವನ್ನೇ ನೋಡುತ್ತಿದ್ದೇನೆ. ಇಲ್ಲಿ ಹೇಳೋದು ನಿಮ್ಮ ನೆಫ್ರಾಲಜಿಸ್ಟ್ (ಕಿಡ್ನಿ ಡಾಕ್ಟರ್) ಮಾತಿಗೆ ಬದಲಿ ಅಲ್ಲ. ಆದರೆ ಅವರ ಹತ್ತಿರ ಏನು ಕೇಳಬೇಕು ಅಂತ ತಿಳಿಯಲು ಸಾಕು.

ವಾರಕ್ಕೆಮೂರು ಅಣ್ಣ ಹೇಳಿದ್ದು ಸರಿ. ಲೆಕ್ಕ ನೋಡಿ. ಎಳನೀರಿನಲ್ಲಿ 100 ಮಿ.ಲೀ.ಗೆ ಸುಮಾರು 200ರಿಂದ 250 ಮಿ.ಗ್ರಾಂ ಪೊಟ್ಯಾಶಿಯಂ ಇರುತ್ತೆ. ನಿಮ್ಮ ಕಡೆಯ ಒಳ್ಳೆ ಬುರುಡೆಯಲ್ಲಿ 350 ಮಿ.ಲೀ. ಸಿಗುತ್ತೆ ಅಂತ ಇಟ್ಟುಕೊಳ್ಳಿ. ಎರಡಕ್ಕೆ 1,400ರಿಂದ 1,750 ಮಿ.ಗ್ರಾಂ. ಪೊಟ್ಯಾಶಿಯಂ ಏರಿರುವ ರೋಗಿಗೆ ನಾವು ಇಡೀ ದಿನಕ್ಕೆ ಹೇಳೋದು ಸುಮಾರು 2,000ದಿಂದ 2,500. ಅಂದರೆ ಊಟಕ್ಕೆ ಕೂರೋ ಮುಂಚೆಯೇ ದಿನದ ಕೋಟಾ ಮುಕ್ಕಾಲು ಮುಗಿದಿತ್ತು.

ಮೇಲೆ ಆ ಉಪ್ಪು. ಸೋಡಿಯಂ ತೆಗೆದ ಜಾಗಕ್ಕೆ ಅದರಲ್ಲಿ ಪೊಟ್ಯಾಶಿಯಂ ಕ್ಲೋರೈಡ್ ಹಾಕಿರುತ್ತಾರೆ. ಆ ಪೊಟ್ಯಾಶಿಯಂ ಕ್ಲೋರೈಡಿನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಪೊಟ್ಯಾಶಿಯಮ್ಮೇ. ಕಿಡ್ನಿ ಚೆನ್ನಾಗಿರುವ ಬಿಪಿ ರೋಗಿಗೆ ಅದು ಒಳ್ಳೇದೇ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪು ಬಳಸಿ ಅಂತಲೇ ಹೇಳಿತು. ಆದರೆ ಕಿಡ್ನಿ ತೊಂದರೆ ಇರುವವರನ್ನು ಅದರಿಂದ ಹೊರಗಿಟ್ಟಿತು. ನಿಮ್ಮಣ್ಣನ ತಪ್ಪಲ್ಲ ಬಿಡಿ. "ಆರೋಗ್ಯಕ್ಕೆ ಒಳ್ಳೇದು" ಅಂತ ದೊಡ್ಡದಾಗಿ ಬರೆದಿದ್ದರೆ ಯಾರು ತಾನೇ ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದುತ್ತಾರೆ?

ಇನ್ನು ಸೈಂಧವ ಲವಣ ಹಾಕಬಹುದಾ ಅಂತ ಕೇಳ್ತೀರಿ, ಗೊತ್ತು. ಅದೂ ಸೋಡಿಯಂ ಕ್ಲೋರೈಡೇ. ಬಣ್ಣ ಬೇರೆ, ಬೆಲೆ ಬೇರೆ.

ನನಗೆ ನಾಲ್ಕು ವಿಷಯ ಬೇಕು: ಈಗಿನ ಪೊಟ್ಯಾಶಿಯಂ, ಬೈಕಾರ್ಬೊನೇಟ್, ಫಾಸ್ಫರಸ್, ಮತ್ತು ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು. ಎಲ್ಲ ಅಂದರೆ ಮೆಡಿಕಲ್ ಶಾಪಿಂದ ತಾವೇ ತಂದುಕೊಳ್ಳೋದೂ ಸೇರಿ.

ಅಜ್ಜಿಮದ್ದು · ಆಗಸ್ಟ್ 10, ಬೆಳಿಗ್ಗೆ 9.30

ಎಲ್ಲ ಆಧುನಿಕ ಹೆದರಿಕೆ. ನಮ್ಮ ಅಜ್ಜಿ ಕಾಲದಿಂದ ಕಿಡ್ನಿಗೆ ಬಾಳೆದಿಂಡಿನ ರಸ, ಬಾರ್ಲಿ ನೀರು, ಎಳನೀರು ಕೊಡ್ತಾ ಬಂದಿದ್ದಾರೆ. ನನಗೇ ಎರಡು ಸಲ ಕಿಡ್ನಿ ಸ್ಟೋನ್ ಆಗಿತ್ತು. ದಿಂಡಿನ ರಸ ಕುಡಿದೇ ಹೋಯಿತು. ಪ್ರಕೃತಿ ಕೊಟ್ಟ ಎಳನೀರು ಕೆಟ್ಟದ್ದು ಅನ್ನೋದು ಒಪ್ಪಲು ಆಗಲ್ಲ.

ವಾರಕ್ಕೆಮೂರು · ಆಗಸ್ಟ್ 10, ಬೆಳಿಗ್ಗೆ 9.48

ಸ್ವಾಮಿ, ನಿಮಗಾಗಿದ್ದು ಕಲ್ಲು. ಅವರಪ್ಪನಿಗಾಗಿರೋದು ಸೋಸೋ ಜರಡಿಯೇ ಹಾಳಾಗಿರೋದು. ಎರಡಕ್ಕೂ ಕಿಡ್ನಿ ಅಂತಲೇ ಹೆಸರು, ಅಷ್ಟೇ ನೆಂಟಸ್ತಿಕೆ. ಕೊಳಾಯಿ ಕಟ್ಟಿಕೊಂಡರೆ ನೀರು ಜೋರಾಗಿ ಬಿಡಬಹುದು. ಮೋಟರೇ ಸುಟ್ಟಿದ್ದರೆ?

ಉಪ್ಪಿನಡಬ್ಬಿ · ಆಗಸ್ಟ್ 10, ಬೆಳಿಗ್ಗೆ 10.20

ಅಜ್ಜಿಮದ್ದು ಅವರೇ, ಎಳನೀರು ಕೆಟ್ಟದ್ದು ಅಂತ ಯಾರೂ ಹೇಳಲಿಲ್ಲ. ನಿಮ್ಮ ಕಿಡ್ನಿ ಹೆಚ್ಚಾದ ಪೊಟ್ಯಾಶಿಯಮ್ಮನ್ನು ಮೂತ್ರದಲ್ಲಿ ಹೊರಗೆ ಹಾಕುತ್ತೆ. ಅವರಪ್ಪನದು ಹಾಕಲ್ಲ. ರಕ್ತದಲ್ಲಿ ಅದು 3.5ರಿಂದ 5ರ ಒಳಗೆ ಇರಬೇಕು. ಆರು ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. ಎಷ್ಟೋ ಸಲ ಮುನ್ಸೂಚನೆಯೂ ಇರಲ್ಲ. ತೊಡೆ ಸೋತದ್ದು ಅವರ ಪುಣ್ಯ ಅನ್ನಿ, ಬೇಗ ಗೊತ್ತಾಯಿತು. ಬಾಳೆದಿಂಡಿನಲ್ಲೂ ಪೊಟ್ಯಾಶಿಯಂ ಇದೆ. ರಸ ಮಾಡಿದರೆ ಅಷ್ಟೂ ಲೋಟಕ್ಕೇ ಬಂತು.

ಬಿಂಬುಳಿಮರ · ಆಗಸ್ಟ್ 10, ಬೆಳಿಗ್ಗೆ 11.02

ಮಂಗಳೂರಿನಿಂದ. ಪ್ರಕೃತಿ ಕೊಟ್ಟದ್ದು ಅಂತ ಬಂದದ್ದಕ್ಕೆ ಒಂದು ಮಾತು. ನಮ್ಮ ಅಂಗಳದಲ್ಲೇ ಬಿಂಬುಳಿ ಮರ ಇದೆ, ಮೀನಿನ ಸಾರಿಗೆ ಹುಳಿಗೆ ಹಾಕುತ್ತೇವೆ. ಕೊಲೆಸ್ಟ್ರಾಲ್ ಇಳಿಯುತ್ತದೆ ಅಂತ ಅದರ ಜ್ಯೂಸ್ ಕುಡಿದು ಕಿಡ್ನಿ ಕೈಕೊಟ್ಟ 10 ಜನರ ವಿವರ 2013ರಲ್ಲಿ ಕೇರಳದ ವೈದ್ಯರು ಬರೆದಿದ್ದಾರೆ. ಅವರಲ್ಲಿ 7 ಜನಕ್ಕೆ ಡಯಾಲಿಸಿಸ್ ಮಾಡಬೇಕಾಯಿತು. ಆ ಹಣ್ಣಿನಲ್ಲಿ ಆಕ್ಸಲೇಟ್ ಜಾಸ್ತಿ. ಸಾರಿಗೆ ನಾಲ್ಕು ಹಾಕುವುದು ಬೇರೆ, ಅರೆದು ಲೋಟಗಟ್ಟಲೆ ಕುಡಿಯುವುದು ಬೇರೆ.

ಅದರ ಅಣ್ಣ ಧಾರೆಹುಳಿ, ಐದು ಮೂಲೆಯ ನಕ್ಷತ್ರದ ಹಣ್ಣು. ಕಿಡ್ನಿ ಹಾಳಾದವರಿಗೆ ಅದು ಒಂದು ಹಣ್ಣಾದರೂ ವಿಷವೇ. ಬಿಕ್ಕಳಿಕೆ ಶುರುವಾಗಿ, ಮನಸ್ಸು ಗೊಂದಲವಾಗಿ, ಫಿಟ್ಸ್ ಬರುವವರೆಗೂ ಹೋಗುತ್ತದೆ. ನಮ್ಮ ಮಾವನವರಿಗೆ ಡಾಕ್ಟರು ಮೊದಲ ದಿನವೇ ಕೇಳಿದ್ದು, ಮನೆಯಲ್ಲಿ ಧಾರೆಹುಳಿ ಮರ ಉಂಟಾ ಅಂತ. ಉಂಟು ಎಂದದ್ದಕ್ಕೆ ಕಡಿಯಿರಿ ಎನ್ನಲಿಲ್ಲ, ಮಾವನಿಂದ ದೂರ ಇಡಿ ಎಂದರು.

ತೆಂಗಿನತೋಟ · ಆಗಸ್ಟ್ 10, ಸಂಜೆ 6.30

ಉಪ್ಪಿನಡಬ್ಬಿ ಅಕ್ಕ, ಡಿಸ್ಚಾರ್ಜ್ ಆಗುವಾಗಿನ ರಿಪೋರ್ಟ್: ಪೊಟ್ಯಾಶಿಯಂ 5.3, ಬೈಕಾರ್ಬೊನೇಟ್ 17, ಫಾಸ್ಫರಸ್ 4.4, ಆಲ್ಬುಮಿನ್ (ರಕ್ತದಲ್ಲಿರೋ ಪ್ರೋಟೀನ್) 3.1. ಮಾತ್ರೆ: ಟೆಲ್ಮಿಸಾರ್ಟನ್ (ಬಿಪಿಗೆ, ಸದ್ಯಕ್ಕೆ ಅರ್ಧ ಮಾಡಿದ್ದಾರೆ), ಇನ್ಸುಲಿನ್, ಸೋಡಾ ಮಾತ್ರೆ ದಿನಕ್ಕೆ ಮೂರು.

ನೀವು ಕೇಳಿದಿರಲ್ಲ ಅಂತ ಅಮ್ಮನಿಗೆ ಅಪ್ಪನ ಅಂಗಿ ಜೇಬು ನೋಡು ಅಂದೆ. ಮಂಡಿ ನೋವಿಗೆ ಡೈಕ್ಲೋಫೆನಾಕ್ ಸ್ಟ್ರಿಪ್ ಸಿಕ್ಕಿತು. ವಾರಕ್ಕೆ ಮೂರು ನಾಲ್ಕು ನುಂಗುತ್ತಿದ್ದರಂತೆ. ಡಾಕ್ಟರಿಗೆ ಹೇಳೇ ಇಲ್ಲ. "ಅದು ಕಿಡ್ನಿಗಲ್ಲವಲ್ಲ, ಮಂಡಿಗೆ" ಅಂತಾರೆ.

ಅಣ್ಣನದು ಇನ್ನೊಂದು ಪ್ರಶ್ನೆ. ಉಪ್ಪು ಬೇಡ, ಅಡುಗೆ ಸೋಡಾ ಬೇಡ ಅಂತಾರೆ. ಡಾಕ್ಟರೇ ಸೋಡಾ ಮಾತ್ರೆ ಕೊಟ್ಟಿದ್ದಾರೆ. ಯಾವುದನ್ನು ನಂಬೋದು?

ಉಪ್ಪಿನಡಬ್ಬಿ · ಆಗಸ್ಟ್ 10, ರಾತ್ರಿ 9.10

ಜೇಬು ನೋಡಿಸಿದ್ದು ಬಹಳ ಒಳ್ಳೇದಾಯಿತು. ಆ ಜಾತಿಯ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವೆ, ಪೊಟ್ಯಾಶಿಯಮ್ಮನ್ನೂ ಏರಿಸುತ್ತವೆ. ಮಂಡಿ ನೋವಿಗೆ ಏನು ಕೊಡಬಹುದು ಅಂತ ಡಾಕ್ಟರನ್ನು ಬೇರೆಯಾಗಿಯೇ ಕೇಳಿ. ನೋವನ್ನು ಸಹಿಸಿಕೊಂಡಿರಲಿ ಅಂತ ಬಿಟ್ಟರೆ ಜೇಬಿಗೆ ಇನ್ನೊಂದು ಸ್ಟ್ರಿಪ್ ಬರುತ್ತೆ.

ಸೋಡಾ ಮಾತ್ರೆ ಬಿಡಬೇಡಿ. ಬೈಕಾರ್ಬೊನೇಟ್ 17 ಅಂದರೆ ರಕ್ತದಲ್ಲಿ ಆಮ್ಲ ಉಳಿಯುತ್ತಿದೆ ಅಂತ ಅರ್ಥ. ಅದು ಮಾಂಸಖಂಡ ಕರಗಿಸುತ್ತೆ, ಪೊಟ್ಯಾಶಿಯಂ ಏರಲೂ ದಾರಿ ಮಾಡುತ್ತೆ. ಅಳತೆ ನೋಡಿ ಕೊಟ್ಟ ಮದ್ದು ಅದು. ಇಡ್ಲಿ ಉಬ್ಬಲಿ ಅಂತ ಕಣ್ಣಳತೆಯಲ್ಲಿ ಹಾಕೋ ಸೋಡಾ ಬೇರೆ.

ಟೆಲ್ಮಿಸಾರ್ಟನ್ ಬಗ್ಗೆ: ಅದೂ ಪೊಟ್ಯಾಶಿಯಂ ಸ್ವಲ್ಪ ಏರಿಸುತ್ತೆ ನಿಜ. ಹಾಗಂತ ನೀವೇ ನಿಲ್ಲಿಸಬೇಡಿ. ಅದು ಕಿಡ್ನಿ ಕಾಯುವ ಮಾತ್ರೆ. ಊಟದಲ್ಲಿ ಪೊಟ್ಯಾಶಿಯಂ ಹಿಡಿತಕ್ಕೆ ಬಂದರೆ ಡಾಕ್ಟರಿಗೆ ಅದನ್ನು ಮುಂದುವರಿಸಲು ಧೈರ್ಯ ಬರುತ್ತೆ.

ಈಗ ಫಾಸ್ಫರಸ್ 4.4. ಗಾಬರಿಯಾಗುವಂಥದ್ದಲ್ಲ. ಹಾಗಾದರೆ ಫಾಸ್ಫರಸ್ ಇರುವ ಹಾಲು, ಬೇಳೆ ಪೂರ್ತಿ ಯಾಕೆ ಬಿಡಿಸಿದಿರಿ? ಪಟ್ಟಿಯಲ್ಲಿ ಇತ್ತು ಅಂತ. ಆ ಪಟ್ಟಿ ಯಾರ ರಿಪೋರ್ಟಿಗೆ ಬರೆದದ್ದೋ! ಆಲ್ಬುಮಿನ್ 3.1, ತೂಕ 7 ಕೆಜಿ ಇಳಿದದ್ದಕ್ಕೆ ಕಾಯಿಲೆಯ ಜೊತೆ ನಿಮ್ಮ ಪಥ್ಯವೂ ಕಾರಣ. ಸಿಟ್ಟಿಂದ ಹೇಳುತ್ತಿಲ್ಲ, ವಾರಕ್ಕೆ ಇಂಥ ಇಬ್ಬರನ್ನಾದರೂ ನೋಡುತ್ತೇನೆ.

ಜೋಳದರೊಟ್ಟಿ · ಆಗಸ್ಟ್ 11, ಬೆಳಿಗ್ಗೆ 8.15

ವಿಜಯಪುರದಿಂದ ನಮಸ್ಕಾರ ರೀ. ನನಗೆ 3ಬಿ ಹಂತ, ಅಂದರೆ ನಿಮ್ಮ ತಂದೆಗಿಂತ ಒಂದು ಮೆಟ್ಟಿಲು ಹಿಂದೆ, ಮೂರು ವರ್ಷ ಆಯಿತು. ಪ್ರೋಟೀನ್ ಲೆಕ್ಕ ನಾನು ವಹಿ ಇಟ್ಟುಕೊಂಡು ಮಾಡುತ್ತೇನೆ. ನಿವೃತ್ತ ಗಣಿತ ಮಾಸ್ತರ, ಬೇರೆ ಕೆಲಸ ಇಲ್ಲ ನೋಡ್ರಿ.

ಡಯಾಲಿಸಿಸ್ ಇಲ್ಲದ ನಮ್ಮಂಥವರಿಗೆ ಕೆಜಿ ತೂಕಕ್ಕೆ ದಿನಕ್ಕೆ 0.8 ಗ್ರಾಂ ಅಂತ ನನ್ನ ಡಾಕ್ಟರು ಹೇಳಿದ್ದಾರೆ. ನಿಮ್ಮ ತಂದೆಗೆ 60 ಕೆಜಿ ಹಿಡಿದರೆ 48 ಗ್ರಾಂ ಆಯಿತು. ಈಗ ಕೂಡಿಸೋಣ. 150 ಗ್ರಾಂ ಅಕ್ಕಿಯಲ್ಲಿ 12. 100 ಗ್ರಾಂ ರಾಗಿ ಹಿಟ್ಟಿನಲ್ಲಿ 7. 50 ಗ್ರಾಂ ಬೇಳೆಯಲ್ಲಿ 11. ಹಾಲು ಮೊಸರು ಸೇರಿ 300 ಮಿ.ಲೀ., ಅದರಲ್ಲಿ 10. ಪಲ್ಯ, ಕಾಯಿತುರಿ ಎಲ್ಲ ಸೇರಿ 5. ಒಟ್ಟು 45.

ಏನಾಯಿತು? ನಮ್ಮ ಮಾಮೂಲಿ ಸಸ್ಯಾಹಾರದ ಊಟವೇ 48 ದಾಟಲಿಲ್ಲ. ಅದರಲ್ಲಿ ಬೇಳೆ, ಹಾಲು ತೆಗೆದರೆ 24ಕ್ಕೆ ಬಂತು. ಅರ್ಧ! ಪ್ರೋಟೀನ್ ಕಡಿಮೆ ಮಾಡಿ ಅನ್ನೋ ಮಾತು ದಿನಾ ಅರ್ಧ ಕೆಜಿ ಚಿಕನ್ ತಿನ್ನೋರಿಗೆ, ಜಿಮ್ ಪುಡಿ ಕುಡಿಯೋರಿಗೆ. ನಮ್ಮ ತಾಟಿಗಲ್ಲ.

ನನ್ನ ತೊಂದರೆ ಬೇರೆ. ಉಪ್ಪಿನಕಾಯಿ, ಶೇಂಗಾ ಚಟ್ನಿ, ಹಪ್ಪಳ. ರೊಟ್ಟಿ ಹಿಟ್ಟಿಗೆ ಉಪ್ಪು ಹಾಕೋದಿಲ್ಲ ಅಂತ ಹೆಮ್ಮೆ ಪಡುತ್ತಿದ್ದೆ. ಅದರ ಹತ್ತು ಪಟ್ಟು ಬಾಜೂಕೇ ಇತ್ತು.

ವಾರಕ್ಕೆಮೂರು · ಆಗಸ್ಟ್ 11, ಮಧ್ಯಾಹ್ನ 2.00

ಮಾಸ್ತರ ಲೆಕ್ಕಕ್ಕೆ ಒಂದು ಬಾಲಂಗೋಚಿ. ಡಯಾಲಿಸಿಸ್ ಶುರುವಾದ ದಿನ ಆ ಲೆಕ್ಕ ತಲೆಕೆಳಗಾಗುತ್ತೆ. ಮೆಷಿನ್ ಪ್ರೋಟೀನನ್ನೂ ಸ್ವಲ್ಪ ತೊಳೆದುಕೊಂಡು ಹೋಗುತ್ತೆ. ಆಗ ಕೆಜಿಗೆ 1ರಿಂದ 1.2 ಗ್ರಾಂ ಬೇಕು. ನಾನು ಐದು ವರ್ಷ ಬೇಳೆಗೆ ಹೆದರಿ ಬದುಕಿದವನು. ಒಂದು ಸೋಮವಾರ ಡಯಟಿಷಿಯನ್ ಬಂದು "ಇವತ್ತಿಂದ ದಿನಾ ಮೂರು ನಾಲ್ಕು ಮೊಟ್ಟೆಯ ಬಿಳಿ ತಿನ್ನಿ" ಅಂದರು. ನನ್ನ ಹೆಂಡತಿ ಇವರಿಗೆ ತಲೆ ಕೆಟ್ಟಿದೆಯಾ ಅನ್ನೋ ಥರ ನೋಡಿದಳು.

ನಮ್ಮ ದೊಡ್ಡ ಶತ್ರು ನೀರು. ನನಗೆ ಮೂತ್ರ ಬರೋದು ಹೆಚ್ಚುಕಡಿಮೆ ನಿಂತಿದೆ. ಮೂತ್ರ ಎಷ್ಟು ಬರುತ್ತೋ ಅಷ್ಟು, ಮೇಲೆ ಅರ್ಧ ಲೀಟರ್, ಇದು ನನ್ನ ಪಾಲು. ಅದರಲ್ಲಿ ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗೋ ನೀರು ಎಲ್ಲ ಸೇರಿತು. ನನ್ನ ತೂಕ 60. ಎರಡು ಡಯಾಲಿಸಿಸ್ ನಡುವೆ ಏರೋ ತೂಕ ಎರಡೂಕಾಲು ಕೆಜಿ ದಾಟಬಾರದು ಅಂತ ಸಿಸ್ಟರ್ ಆಜ್ಞೆ. ದಾಟಿದ ದಿನ ಮೆಷಿನ್ ಮೇಲೆ ಕಾಲು ಹಿಡಿದುಕೊಳ್ಳುತ್ತೆ ನೋಡಿ, ಶತ್ರುವಿಗೂ ಬೇಡ.

ಬಾಯಾರಿಕೆಗೆ ನೀರು ಕಡಿಮೆ ಮಾಡೋದಲ್ಲ, ಉಪ್ಪು ಕಡಿಮೆ ಮಾಡೋದು ಮದ್ದು. ಇದು ಅರ್ಥ ಆಗೋಕೆ ನನಗೆ ಎರಡು ವರ್ಷ ಬೇಕಾಯಿತು.

ತಂಗೀ, ನಿಮ್ಮಪ್ಪನಿಗೆ ಮೂತ್ರ ಚೆನ್ನಾಗಿ ಬರುತ್ತಿದ್ದರೆ ನನ್ನ ನೀರಿನ ಲೆಕ್ಕ ಅವರಿಗಲ್ಲ. ಅವರ ಡಾಕ್ಟರು ಹೇಳಿದಷ್ಟು ಕುಡಿಯಲಿ.

ಚಿತ್ರಾನ್ನ · ಆಗಸ್ಟ್ 11, ಸಂಜೆ 5.40

ನಾನು ಕಿಡ್ನಿ ಕಸಿ ಆದವಳು, ಅಮ್ಮ ಕೊಟ್ಟದ್ದು. ಕಸಿ ಆದ ಮೇಲೆ ಎಲ್ಲ ತಿನ್ನಬಹುದು ಅಂತ ಖುಷಿಯಾಗಿ ದೇವನಹಳ್ಳಿ ಚಕ್ಕೋತ ತಂದು ಸುಲಿಯಲು ಕೂತಿದ್ದೆ. ಪುಣ್ಯಕ್ಕೆ ಮಾತ್ರೆ ಚೀಟಿ ಮತ್ತೊಮ್ಮೆ ಓದಿದೆ. ಚಕ್ಕೋತ, ದ್ರಾಕ್ಷಿಹಣ್ಣಲ್ಲದ ಆ ಗ್ರೇಪ್‌ಫ್ರೂಟ್ ಎರಡೂ ರಕ್ತದಲ್ಲಿ ಟ್ಯಾಕ್ರೋಲಿಮಸ್ (ಕಸಿ ಕಿಡ್ನಿಯನ್ನು ಮೈ ತಿರಸ್ಕರಿಸದ ಹಾಗೆ ತಗೊಳ್ಳೋ ಮಾತ್ರೆ) ಮಟ್ಟ ಏರಿಸುತ್ತವೆ. ಹಣ್ಣು ಅಕ್ಕನ ಮನೆಗೆ ಹೋಯಿತು.

ಇನ್ನೊಂದು. ಪ್ಯಾಕೆಟ್ ತಿಂಡಿಯ ಹಿಂದೆ ಐಎನ್‌ಎಸ್ (ಬೆರೆಸಿದ ವಸ್ತುವಿನ ನಂಬರು) 338ರಿಂದ 341, ಇಲ್ಲಾ 450ರಿಂದ 452 ಅಂತ ಇದ್ದರೆ ಅದು ಸೇರಿಸಿದ ಫಾಸ್ಫೇಟ್, ಅಂದರೆ ಫಾಸ್ಫರಸ್ಸೇ. ಕೋಲಾ, ಚೀಸ್ ಸ್ಲೈಸ್, ಕೇಕ್ ಮಿಕ್ಸ್‌ಗಳಲ್ಲಿ ನೋಡಿ. ಬೇಳೆಯ ಫಾಸ್ಫರಸ್ ಅರ್ಧದಷ್ಟೂ ಮೈಗೆ ಹತ್ತಲ್ಲ. ಇದು ಹೆಚ್ಚುಕಡಿಮೆ ಪೂರ್ತಿ ಹತ್ತುತ್ತೆ. ಬೇಳೆ ಬಿಟ್ಟು ಕೋಲಾ ಕುಡಿಯೋರನ್ನು ನಾನು ಕಣ್ಣಾರೆ ನೋಡಿದ್ದೇನೆ, ಡಯಾಲಿಸಿಸ್ ವಾರ್ಡಿನ ಹೊರಗೇ.

ತೆಂಗಿನತೋಟ · ಆಗಸ್ಟ್ 11, ರಾತ್ರಿ 9.55

ಇದೆಲ್ಲ ಅಪ್ಪನಿಗೆ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಕೇಳಿದರು. "ಮುದ್ದೆ, ಬಸ್ಸಾರು ಉಣ್ಣಬಹುದಾ ಇಲ್ಲವಾ, ಅಷ್ಟು ಹೇಳು." ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅಂತ ಬೆಳೆದ ಮನುಷ್ಯ. ನಾಲ್ಕು ತಿಂಗಳಿಂದ ಅನ್ನ ನೋಡಿ ನೋಡಿ ಸಾಕಾಗಿದೆ.

ಉಪ್ಪಿನಡಬ್ಬಿ · ಆಗಸ್ಟ್ 12, ಬೆಳಿಗ್ಗೆ 6.50

ನಿಮ್ಮಪ್ಪನ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಕಾಫಿ ಕುಡಿಯುತ್ತಾ ಇದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಮುದ್ದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 400 ಮಿ.ಗ್ರಾಂ ಚಿಲ್ಲರೆ ಪೊಟ್ಯಾಶಿಯಂ. ಗೋಧಿ, ಜೋಳ ಅದಕ್ಕಿಂತ ಸ್ವಲ್ಪ ಕಡಿಮೆ ಅಷ್ಟೇ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮಾತ್ರ ಬಹಳ ಕಡಿಮೆ, ಸುಮಾರು ನೂರು. ಅಂದರೆ ಒಂದು ಮುದ್ದೆ ಒಂದು ಬಾಳೆಹಣ್ಣಿನ ಸಮ. ಅವರು ಬಿಟ್ಟ ಎರಡು ಎಳನೀರಿನ ಜಾಗದಲ್ಲಿ ಮುದ್ದೆ ಮೂರೂವರೆ ಹಿಡಿಯುತ್ತೆ! ಮೂರೂವರೆ ಕೊಡಿ ಅಂತಲ್ಲ. ಮುಂದಿನ ಟೆಸ್ಟಿನಲ್ಲಿ ಪೊಟ್ಯಾಶಿಯಂ 5ರ ಕೆಳಗೆ ಬಂದರೆ, ದಿನಕ್ಕೊಂದು ಸಣ್ಣ ಮುದ್ದೆ ಶುರು ಮಾಡಬಹುದಾ ಅಂತ ಡಾಕ್ಟರನ್ನು ಕೇಳಿ. ಸಕ್ಕರೆ ಕಾಯಿಲೆ ಇರೋದರಿಂದ ಹಿಟ್ಟು ಅಳೆದೇ ಮುದ್ದೆ ತೊಳಸಿ.

ಈಗ ಬಸ್ಸಾರು. ಪೊಟ್ಯಾಶಿಯಂ ನೀರಿನಲ್ಲಿ ಕರಗುತ್ತೆ. ತರಕಾರಿ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಕುದಿಸಿ, ನೀರು ಬಸಿದು ಚೆಲ್ಲಿ ಅಂತ ನಾವು ಎಲ್ಲರಿಗೂ ಹೇಳಿಕೊಡುತ್ತೇವೆ. ಆಲೂಗಡ್ಡೆಯನ್ನು ಹೆಚ್ಚಿ ಕುದಿಸಿ ಬಸಿದರೆ ಅರ್ಧದಷ್ಟು ಹೋಗುತ್ತೆ. ಬರೀ ನೆನೆಸಿಟ್ಟರೆ ಅಷ್ಟು ಹೋಗಲ್ಲ, ಕುದಿಯಬೇಕು. ಕುಕ್ಕರಿನಲ್ಲಿ ಕೂಗಿಸಿ ಆ ನೀರನ್ನೇ ಸಾಂಬಾರಿಗೆ ಹಾಕಿದರೆ ಏನೂ ಹೋಗಲ್ಲ.

ಬಸ್ಸಾರು ಅಂದರೆ ಏನು? ಕಾಳು ಸೊಪ್ಪು ಬೇಯಿಸಿ ಬಸಿಯೋದು. ಕಟ್ಟು ಸಾರಿಗೆ, ಬೆಂದ ಕಾಳು ಸೊಪ್ಪು ಪಲ್ಯಕ್ಕೆ. ಬಹಳಷ್ಟು ಪೊಟ್ಯಾಶಿಯಂ ಇಳಿದಿರೋದು ಕಟ್ಟಿಗೆ! ನಾವು ಪಾಠ ಮಾಡಿ ಹೇಳಿಕೊಡೋ ಕೆಲಸವನ್ನು ನಿಮ್ಮಮ್ಮ ಮದುವೆಯಾಗಿ ಬಂದಾಗಿನಿಂದ ಮಾಡುತ್ತಿದ್ದಾರೆ. ಬಸಿದದ್ದು ಯಾರ ತಟ್ಟೆಗೆ ಹೋಗಬೇಕು ಅನ್ನೋದಷ್ಟೇ ಬದಲಾಗಬೇಕು. ಅಪ್ಪನಿಗೆ ಪಲ್ಯ. ಕಟ್ಟು ನಿಮಗೆ, ನಿಮ್ಮಣ್ಣನಿಗೆ. ಉಪ್ಸಾರೂ ಅಷ್ಟೇ. ಅಪ್ಪನಿಗೆ ಮಾಡುವಾಗ ನೀರು ಇನ್ನಷ್ಟು ಜಾಸ್ತಿ ಇಡಲಿ. ನುಗ್ಗೆಸೊಪ್ಪು, ದಂಟಿನಸೊಪ್ಪನ್ನು ಸದ್ಯಕ್ಕೆ ಬಿಡಿ. ಎಲೆಕೋಸು, ಸೋರೆ, ಹೀರೆ, ಪಡವಲ, ಸೀಮೆಬದನೆ ಧಾರಾಳವಾಗಿ ಬಳಸಿ.

ಮುದ್ದೆಯನ್ನು ಪಲ್ಯದ ಜೊತೆ ನುಂಗೋದು ಹೇಗೆ ಅಂತ ಕೇಳುತ್ತಾರೆ. ಅದಕ್ಕೆ ಸೋರೆಕಾಯಿ ಮಜ್ಜಿಗೆಹುಳಿ, ತೆಳ್ಳಗೆ. ಕಾಯಿ ಒಂದು ಚಮಚ ಇರಲಿ, ಪಾಪ.

ಮೂರು ಸಣ್ಣ ಮಾತು. ಮಲಬದ್ಧತೆ ಆಗಲು ಬಿಡಬೇಡಿ, ಕಿಡ್ನಿ ಸೋತಾಗ ಪೊಟ್ಯಾಶಿಯಂ ಕರುಳಿನಿಂದಲೂ ಹೋಗುತ್ತೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಕಿಡ್ನಿ ಇಳಿದ ಹಾಗೆ ಸಕ್ಕರೆ ದಿಢೀರ್ ಇಳಿಯೋದು ಜಾಸ್ತಿ. ಆಗ ಬಾಳೆಹಣ್ಣು, ಎಳನೀರು, ಕಿತ್ತಳೆ ರಸ ಕೊಡಬೇಡಿ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕೊಡಿ. ಬೆಲ್ಲವೂ ಬೇಡ, ಅದರಲ್ಲಿ ಪೊಟ್ಯಾಶಿಯಂ ಇದೆ. ಮೂರನೆಯದು ಉಪ್ಪು. ಚಮಚ ಹಿಡಿದು ಅಳೆಯೋಕೆ ಯಾರಿಗೂ ಆಗಲ್ಲ. ಪ್ಯಾಕೆಟ್ ಮೇಲೆ ತಾರೀಖು ಬರೆದಿಡಿ. ತಲೆಗೆ ದಿನಕ್ಕೆ 5 ಗ್ರಾಂ ಲೆಕ್ಕದಲ್ಲಿ ಮೂರು ಜನಕ್ಕೆ ತಿಂಗಳಿಗೆ 450 ಗ್ರಾಂ. ಉಪ್ಪಿನಕಾಯಿ, ಸಂಡಿಗೆ, ಬಾಳಕದ ಮೆಣಸಿನಕಾಯಿಗೆ ಹಾಕಿದ್ದೂ ಇದರೊಳಗೇ.

ಬಿಂಬುಳಿಮರ · ಆಗಸ್ಟ್ 12, ಬೆಳಿಗ್ಗೆ 9.00

ನಮ್ಮಲ್ಲಿ ಕುಚ್ಚಲಕ್ಕಿ ಬೇಯಿಸಿ ತೆಳಿ ಬಸಿಯುತ್ತೇವೆ. ಮಾವನಿಗೆ ತೆಳಿ ಇಲ್ಲದ ಅನ್ನ, ಮೆತ್ತಗೆ. ಗಂಜಿಗೆ ಉಪ್ಪಿನಕಾಯಿ ಬದಲು ಸುಟ್ಟ ಮೆಣಸು, ಈರುಳ್ಳಿ, ಲಿಂಬೆ ಹಿಂಡಿದ ಗೊಜ್ಜು. ಉಪ್ಪಿಲ್ಲ ಅಂತ ಗೊತ್ತಾಗಲು ಅವರಿಗೆ ಒಂದು ವಾರ ಬೇಕಾಯಿತು.

ಅಜ್ಜಿಮದ್ದು · ಆಗಸ್ಟ್ 12, ಬೆಳಿಗ್ಗೆ 11.20

ಬಸ್ಸಾರಿನ ವಿಷಯ ಓದಿದೆ. ಎಳನೀರಿನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ನನ್ನ ಕಲ್ಲಿಗೆ ಮಾತ್ರ ದಿಂಡಿನ ರಸವೇ.

ವಾರಕ್ಕೆಮೂರು · ಆಗಸ್ಟ್ 12, ಬೆಳಿಗ್ಗೆ 11.31

ಆಗಬಹುದು ಸ್ವಾಮಿ. ಆದರೂ ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ನೋಡಿಸಿಕೊಳ್ಳಿ. ನಾನೂ ಕಲ್ಲಿಂದಲೇ ಶುರು ಮಾಡಿದವನು.

ತೆಂಗಿನತೋಟ · ಅಕ್ಟೋಬರ್ 1, ರಾತ್ರಿ 8.45

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕ್ಷಮಿಸಿ. ಮೊನ್ನೆ ಟೆಸ್ಟ್ ಆಯಿತು. ಪೊಟ್ಯಾಶಿಯಂ 4.8. ಬೈಕಾರ್ಬೊನೇಟ್ 22. ತೂಕ 59. ಕಾಲಿನ ಊತ ಇಳಿದಿದೆ, ಟೆಲ್ಮಿಸಾರ್ಟನ್ ಪೂರ್ತಿ ಡೋಸಿಗೆ ಬಂದಿದೆ. ಕ್ರಿಯಾಟಿನಿನ್ 2.5, ಅಂದರೆ ಅಲ್ಲೇ ಇದೆ. ಅಣ್ಣನಿಗೆ ಬೇಜಾರಾಯಿತು, "ಇಷ್ಟು ಮಾಡಿಯೂ ಇಳಿಯಲಿಲ್ಲವಲ್ಲ" ಅಂತ. ಡಾಕ್ಟರು ನಕ್ಕು, ಏರದೆ ನಿಂತಿದೆಯಲ್ಲ, ನಾನು ಬೇಡೋದೇ ಅದು ಅಂದರು. ಈ ಸಲ ನಾವು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆವು. ಹನ್ನೆರಡು ನಿಮಿಷ ಮಾತಾಡಿದರು. ಮುದ್ದೆಗೆ ಒಪ್ಪಿಗೆ ಸಿಕ್ಕಿತು, ಒಂದು.

ಉಪ್ಪಿನ ಪ್ಯಾಕೆಟ್ ಲೆಕ್ಕ ಕೇಳಿ ನಗಬೇಡಿ. ಮೊದಲು ಒಂದು ಕೆಜಿ ಪ್ಯಾಕೆಟ್ ಮೂರು ಜನಕ್ಕೆ 25 ದಿನ ಬರುತ್ತಿತ್ತಂತೆ. ತಲೆಗೆ 13 ಗ್ರಾಂ! ಈಗ ತಿಂಗಳಿಗೆ ಅರ್ಧ ಕೆಜಿ. ಅಮ್ಮ ಪ್ಯಾಕೆಟ್ ಮೇಲೆ ತಾರೀಖು ಬರೆದು, ಕೆಳಗೆ ಸಹಿ ಬೇರೆ ಹಾಕುತ್ತಾರೆ. ಅಮ್ಮನ ಬಿಪಿಯೂ ಇಳಿದಿದೆ.

ಎಳನೀರನ್ನು ಅಪ್ಪ ಈಗ ನೆಂಟರಿಗೆ ಕೆತ್ತಿ ಕೊಡುತ್ತಾರೆ. ಅವರು ಕುಡಿದು ಮುಗಿಸೋವರೆಗೂ ಎದುರಿಗೇ ನಿಂತಿರುತ್ತಾರೆ. ನೋಡೋಕೆ ಕಷ್ಟ.

ಇನ್ನೊಂದು ಪ್ರಶ್ನೆ ಇದೆ. ದೀಪಾವಳಿ ಬಂತು. ನಮ್ಮಲ್ಲಿ ಹೋಳಿಗೆ ಮಾಡಲೇಬೇಕು. ಅಪ್ಪ ಬಾಯಿಬಿಟ್ಟು ಕೇಳಲಿಲ್ಲ. ಆದರೆ ಬೇಳೆ ಡಬ್ಬದ ಕಡೆ ನೋಡುತ್ತಿದ್ದಾರೆ.

ಉಪ್ಪಿನಡಬ್ಬಿ · ಅಕ್ಟೋಬರ್ 1, ರಾತ್ರಿ 9.30

4.8! ನಿಮ್ಮಮ್ಮನಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳಿ.

ಹೋಳಿಗೆ ಯೋಚಿಸಿ ನೋಡಿ. ಬೇಳೆ ಬೇಯಿಸಿ, ಕಟ್ಟು ಬಸಿದು, ಹೂರಣ ಅರೆಯೋದು. ಮತ್ತೆ ಅದೇ ಕಥೆ. ಪೊಟ್ಯಾಶಿಯಂ ಬಹಳಷ್ಟು ಹೋಳಿಗೆ ಸಾರಿಗೆ ಹೋಗಿರುತ್ತೆ. ಹಾಗಾಗಿ ಸಾರು ಬೇಡ. ಹೋಳಿಗೆಯಲ್ಲಿ ಉಳಿಯೋದು ಬೆಲ್ಲ. ಸಕ್ಕರೆ ಕಾಯಿಲೆ ಇದೆ, ಆದ್ದರಿಂದ ಸಣ್ಣದೊಂದು, ಅವತ್ತು ಮಧ್ಯಾಹ್ನ ಅನ್ನ ಕಡಿಮೆ ಮಾಡಿ. ಒಂದು ಚಮಚ ತುಪ್ಪ ಹಾಕಿ ಕೊಡಿ. ಮಾರನೇ ದಿನದ ತಂಗಳು ಹೋಳಿಗೆ ಎಲ್ಲಿಟ್ಟಿದ್ದೀರಿ ಅಂತ ಅವರಿಗೆ ಗೊತ್ತಾಗಬಾರದು.

ಜೋಳದರೊಟ್ಟಿ · ಅಕ್ಟೋಬರ್ 1, ರಾತ್ರಿ 9.52

ಅಮ್ಮಾ, ಹೋಳಿಗೆ ಸಾರು ಕುಡಿಯೋರು ಯಾರೂ ಇಲ್ಲ ಅಂದರೆ ವಿಜಯಪುರಕ್ಕೆ ಕಳಿಸಬೇಡಿ. ನನ್ನದು 4.9.

ತೆಂಗಿನತೋಟ · ಅಕ್ಟೋಬರ್ 2, ಬೆಳಿಗ್ಗೆ 7.20

ಅಪ್ಪನಿಗೆ ಓದಿ ಹೇಳಿದೆ. "ಸಣ್ಣದು ಅಂದರೆ ಎಷ್ಟಗಲ ಅಂತ ಆ ಯಮ್ಮ ಬರೆದಿಲ್ಲವಲ್ಲ" ಅಂದರು. ಅಮ್ಮ ಅಡುಗೆಮನೆಯಿಂದಲೇ ತನ್ನ ಅಂಗೈ ತೋರಿಸಿದರು. ಅಪ್ಪ ತಮ್ಮ ಅಂಗೈ ಎತ್ತಿ ತೋರಿಸುತ್ತಿದ್ದಾರೆ. ಇನ್ನೂ ಮುಗಿದಿಲ್ಲ.